ಪ್ಲಾಸ್ಟರ್ ಬಿಚ್ಚಿದ ಕೂಡಲೇ ಕಂಬ ಹತ್ತಬಹುದಾ?

ಗದಗ ತಾಲೂಕಿನ ತಾಯಿಯೊಬ್ಬರ ಪತ್ರ: "ಹುಬ್ಬಳ್ಳಿಗೆ ಹೋಗಿ ಸರ್ಕಸ್ ನೋಡಿ ಬಂದೆವು. ಜೋಕಾಲಿ ಆಡುವ ಹುಡುಗಿಯ ಭುಜಕ್ಕೆ ಪಟ್ಟಿ ಸುತ್ತಿತ್ತು. ಬಿದ್ದು ಎಲುಬು ಮುರಿದುಕೊಂಡವರು ಮತ್ತೆ ಹೇಗೆ ಮೇಲೆ ಹತ್ತುತ್ತಾರೆ? ನನ್ನ 12 ವರ್ಷದ ಮಗ ಮಲ್ಲಕಂಬದಿಂದ ಬಿದ್ದು ಎಡ ಮುಂಗೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿ ವಾರವಾಯಿತು. ಸ್ಪರ್ಧೆ ಹತ್ತಿರ ಬಂದಿದೆ. ಕಳಿಸಲಾ?"

ಅಕ್ಕಾವರೇ, ಬೇಡ. ಈಗಲೇ ಬೇಡ.

ಹಳೇ ಹುಬ್ಬಳ್ಳಿಯಲ್ಲಿ ಒಂದು ಕಾಲಕ್ಕೆ ಸರ್ಕಸ್ಸಿನಲ್ಲಿ ಜೋಕಾಲಿ ಆಡುತ್ತಿದ್ದ ಅಜ್ಜಿಯೊಬ್ಬರಿದ್ದಾರೆ. ನಿಮ್ಮ ಪತ್ರ ಹಿಡಿದು ಅವರ ಮನೆಗೇ ಹೋದೆ. ಚಹಾ ಕೊಟ್ಟು, ಬಲಗೈ ಚಾಚಿ ತೋರಿಸಿದರು. ಮೊಣಕೈ ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಕೆಳಗೆ ಬಲೆ ಇದ್ದರೂ ಬೆನ್ನ ಮೇಲೆ ಬೀಳುವುದನ್ನು ಕಲಿತಿರಬೇಕು. ಅವರು ಬಿದ್ದಾಗ ಗಾಬರಿಯಲ್ಲಿ ಕೈ ಊರಿದ್ದರು. ಆಟ ಆಡದ ದಿನಕ್ಕೆ ಪಗಾರ ಇಲ್ಲ, ಅದಕ್ಕೇ ಅವಸರ. ಯಾರೋ ಬಿಸಿ ಎಣ್ಣೆ ಹಾಕಿ ತಿಕ್ಕಿ, ಜಗ್ಗಿ ಸಡಿಲ ಮಾಡಲು ನೋಡಿದರು. ಕೈ ಮತ್ತಷ್ಟು ಬಿಗಿಯಿತು. ಮೊಣಕೈಗೆ ಪೆಟ್ಟಾದಾಗ ಹೀಗೆ ಜಗ್ಗಿದರೆ ಸ್ನಾಯುವಿನೊಳಗೇ ಎಲುಬು ಬೆಳೆಯುವುದುಂಟು. ನಮ್ಮ ಕಡೆ ಈ ತಿಕ್ಕುವ ಚಟ ಜಾಸ್ತಿ, ಅಲ್ವಾ?

ಮುಂದೊಮ್ಮೆ ಭುಜ ಜಾರಿದಾಗ ಅಜ್ಜಿ ಬುದ್ಧಿ ಕಲಿತಿದ್ದರು. ಮೊದಲು ಒದ್ದೆ ಬಟ್ಟೆ ಹಿಂಡುವುದು. ಆಮೇಲೆ ನೀರು ತುಂಬಿದ ತಂಬಿಗೆ ಎತ್ತುವುದು. ಕಾಲು ನೆಲಕ್ಕೆ ತಾಗಿಸಿಕೊಂಡೇ ಕೋಲು ಹಿಡಿದು ತುಸು ತುಸು ಭಾರ ಬಿಡುವುದು. ಕೊನೆಗೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಮೇಲೆ. ನೋವು ರಾತ್ರಿ ಕಳೆದರೂ ಇಳಿಯದಿದ್ದರೆ ಮರುದಿನ ಒಂದು ಮೆಟ್ಟಿಲು ಹಿಂದೆ. "ಕೈ ಬೇಗ ಬಂತು, ಧೈರ್ಯ ಬರಲಿಕ್ಕೆ ಹೊತ್ತು ಹಿಡೀತು" ಅಂದರು. ಕಣ್ಣು ಮುಚ್ಚಿದರೆ ಬಿದ್ದದ್ದೇ ಕಾಣುತ್ತಿತ್ತಂತೆ. ಅದನ್ನು ಜೊತೆಯವರಿಗೆ ಹೇಳಿಕೊಂಡ ಮೇಲೆಯೇ ಕೈ ನಡುಗುವುದು ನಿಂತಿತು.

ನಿಮ್ಮ ಮಗನ ವಿಷಯ ಬೇರೆ. ಅವನದು ಇನ್ನೂ ಬೆಳೆಯುವ ಎಲುಬು. ಮಕ್ಕಳ ಮುಂಗೈ ಎಲುಬು ಬೇಗ ಕೂಡುತ್ತದೆ, ನಿಜ. ಆದರೆ ಪ್ಲಾಸ್ಟರ್ ಬಿಚ್ಚಿದ ಮೊದಲ ಕೆಲವು ತಿಂಗಳು ಅದೇ ಜಾಗದಲ್ಲಿ ಮತ್ತೆ ಮುರಿಯುವ ಭಯ ಇರುತ್ತದೆ. ಮಲ್ಲಕಂಬದಲ್ಲಿ ಇಡೀ ಮೈ ಭಾರ ಕೈಮೇಲೆ ಬೀಳುತ್ತದೆ. ಪ್ಲಾಸ್ಟರ್ ಹಾಕಿದ ಡಾಕ್ಟರ ಹತ್ತಿರವೇ ಹೋಗಿ, "ಕೈ ಅಲ್ಲಾಡಿಸಬಹುದಾ" ಅಂತ ಕೇಳಬೇಡಿ. "ಕಂಬಕ್ಕೆ ಜೋತು ಬೀಳಬಹುದಾ" ಅಂತಲೇ ಕೇಳಿ. ಎರಡಕ್ಕೂ ಉತ್ತರ ಬೇರೆ ಇರುತ್ತದೆ. ಫಿಸಿಯೋಥೆರಪಿಗೆ ಕಳಿಸಿದರೆ ಎರಡು ದಿನಕ್ಕೇ ಬಿಡಿಸಬೇಡಿ.

ಸ್ಪರ್ಧೆಯ ದಿನ ಅವನನ್ನು ಮನೆಯಲ್ಲಿ ಕೂಡಿಸಬೇಡಿ, ಅತ್ತುಬಿಡುತ್ತಾನೆ. ಕಂಬಕ್ಕೆ ಔಡಲೆಣ್ಣೆ ಹಚ್ಚುವ ಕೆಲಸ ಅವನಿಗೇ ಕೊಡಲು ಗುರುಗಳಿಗೆ ಹೇಳಿ. ಬಲಗೈಯಲ್ಲಿ ಹಚ್ಚಲಿ.

– ಸಂ.