ಮಂಡ್ಯಕ್ಕೆ ಹೋಗೋಕೆ ಶ್ರೀರಂಗಪಟ್ಟಣದ ಟಿಕೆಟ್

"ಎಲ್ಲರ ಮುಂದೆ ವೇಷ ಹಾಕಿ ಸಾಕಾಗಿದೆ. ಹಳೇ ನೋವಿನಿಂದ ಹೊರಬಂದು ನಾನು ನಾನಾಗಿ ಬದುಕೋದು ಹೇಗೆ?" ಅಂತ ಕೇಳಿದ್ದೀರಿ. ನನಗೆ ಗೊತ್ತಿರುವುದು ನನ್ನ ವೇಷ ಒಂದೇ. ಅದನ್ನೇ ಹೇಳುತ್ತೇನೆ.

ನನಗೆ ಉಗ್ಗು. ಅದರಲ್ಲೂ 'ಮ' ಬಂತು ಅಂದರೆ ತುಟಿ ಅಂಟಿಕೊಂಡುಬಿಡುತ್ತದೆ. ಊರು ನೋಡಿದರೆ ಮಂಡ್ಯ! ಬೆಂಗಳೂರಿನಿಂದ ಊರಿಗೆ ಹೊರಟಾಗಲೆಲ್ಲ ಕಂಡಕ್ಟರ್‌ಗೆ 'ಶ್ರೀರಂಗಪಟ್ಟಣ' ಅಂದು, ಜಾಸ್ತಿ ದುಡ್ಡು ಕೊಟ್ಟು, ಮಂಡ್ಯದಲ್ಲೇ ಇಳಿದುಬಿಡುತ್ತಿದ್ದೆ. ಮೈಸೂರು ಅನ್ನೋಣ ಅಂದರೆ ಅದೂ 'ಮ' ತಾನೇ. ಹೋಟೆಲಲ್ಲಿ ಮಸಾಲೆ ದೋಸೆ ತಿನ್ನೋ ಆಸೆಯಾದರೂ ಕೇಳುತ್ತಿದ್ದದ್ದು ಇಡ್ಲಿ. ಇವನಿಗೆ ಇಡ್ಲಿ ಅಂದ್ರೆ ಪ್ರಾಣ ಅಂತ ಆಫೀಸಿನವರು ತಿಳಿದಿದ್ದರು. ನಾನೂ ಹೂಂ ಅನ್ನುತ್ತಿದ್ದೆ.

ಮುಚ್ಚಿಡೋದು ಶುರುವಾಗಿದ್ದು ಆರನೇ ಕ್ಲಾಸಲ್ಲಿ. ಪಾಠ ಓದಲು ಎಬ್ಬಿಸಿದರು, ಮೊದಲ ಪದವೇ ಹೊರಡಲಿಲ್ಲ, ಕ್ಲಾಸೆಲ್ಲ ನಕ್ಕಿತು. ಅಜ್ಜಿ ನಾಲಿಗೆಗೆ ಬಜೆ ತೇಯ್ದು ಹಚ್ಚಿದರು. ಎಲ್ಲೋ ಹೆದರಿದ್ದಾನೆ ಅಂತ ತಾಯಿತವನ್ನೂ ಕಟ್ಟಿಸಿದರು.

ಕೊನೆಗೆ, ಮೂವತ್ತು ದಾಟಿದ ಮೇಲೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಉಗ್ಗು ಹೆದರಿಕೆಯಿಂದ ಬರೋದಲ್ಲ, ದೊಡ್ಡವರಲ್ಲೂ ನೂರಕ್ಕೆ ಹೆಚ್ಚುಕಮ್ಮಿ ಒಬ್ಬರಿಗೆ ಇರುತ್ತೆ, ಎಷ್ಟೋ ಸಲ ವಂಶದಲ್ಲೇ ಬರುತ್ತೆ ಅಂದರು ಥೆರಪಿಸ್ಟ್ ಮೇಡಂ. "ನಿಮ್ಮ ಮನೇಲಿ ಇನ್ಯಾರಿಗಿದೆ?" ಯಾರಿಗೂ ಇಲ್ಲ ಅಂದೆ. ರಾತ್ರಿ ಸುಮ್ನೆ ಅಮ್ಮನ ಹತ್ತಿರ ವಿಷಯ ತೆಗೆದೆ.

"ನಿಮ್ಮಪ್ಪ ನನ್ನ ಹೆಸರು ಹಿಡಿದು ಒಂದಿನಾನೂ ಕರೆದೋರಲ್ಲ ಕಣೋ. ಅವರ ಬಾಯಲ್ಲಿ ಅದು ಹೊರಡ್ತಾನೇ ಇರಲಿಲ್ಲ" ಅಂದರು.

ಹೆಂಡತಿ ಹೆಸರು ಕರೆಯಬಾರದು ಅನ್ನೋ ಹಳೇ ಕಾಲದ ರೂಢಿ ಅಂತ ನಾನು ಅಂದುಕೊಂಡಿದ್ದೆ. ಊರವರು ಅಪ್ಪನನ್ನು ಮಾತು ಕಮ್ಮಿ ಮನುಷ್ಯ ಅನ್ನುತ್ತಿದ್ದರು. ಅಪ್ಪ ಹೋಗಿ ಆಗಲೇ ಆರು ವರ್ಷವಾಗಿತ್ತು. ಆವತ್ತು ರಾತ್ರಿ ಅತ್ತಷ್ಟು ಅವರು ತೀರಿಕೊಂಡ ದಿನವೂ ಅತ್ತಿರಲಿಲ್ಲ.

ಮೇಡಂ ಕೊಟ್ಟ ಹೋಂವರ್ಕ್ ವಿಚಿತ್ರವಾಗಿತ್ತು: ಅಂಗಡಿಗೆ ಹೋಗಿ ಬೇಕಂತಲೇ ಉಗ್ಗಿ ಬನ್ನಿ. ಎರಡು ಸಲ ಬಾಗಿಲ ತನಕ ಹೋಗಿ ಬೆವತು ವಾಪಸ್ ಬಂದೆ. ಮೂರನೇ ಸಲ "ಮೆ... ಮೆ... ಮೆಣಸಿನಕಾಯಿ" ಅಂದೆ. ಅಂಗಡಿಯವನು ತಲೆಯೆತ್ತದೆ "ಬ್ಯಾಡಗಿನಾ, ಗುಂಟೂರಾ?" ಅಂದ. ಇಷ್ಟು ವರ್ಷ ಹೆದರಿದ್ದು ಇದಕ್ಕಾ ಅನ್ನಿಸಿತು.

ಅದಕ್ಕೇ ಹೇಳ್ತೀನಿ, ವೇಷ ಕಳಚೋದಾದರೆ ಮನೆಯವರಿಂದ ಶುರು ಮಾಡಬೇಡಿ. ಗುರುತಿಲ್ಲದ ಅಂಗಡಿಯವರೇ ವಾಸಿ. ನಿಮ್ಮದು ನಿದ್ದೆ ಕೆಡಿಸುವಷ್ಟು ಭಾರದ ನೋವಾಗಿದ್ದರೆ ಮಾತ್ರ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. (ಉಗ್ಗುವವರಿಗೆ ಫೋನ್ ಅಂದರೇ ಯಮ, ಅದು ಬೇರೆ ಮಾತು.)

ನನ್ನ ಉಗ್ಗು ಹೋಗಿಲ್ಲ. ಹೋದ ವಾರ ಬಸ್ಸಲ್ಲಿ "ಮ... ಮ..." ಅನ್ನೋಷ್ಟರಲ್ಲಿ ಪಕ್ಕದ ಸೀಟಿನವರು ಪಾಪ, "ಮದ್ದೂರಾ?" ಅಂತ ಸಹಾಯಕ್ಕೆ ಬಂದರು. ಅಲ್ಲ ಅಂತ ತಲೆಯಾಡಿಸಿ, ಮತ್ತೆ ಮೊದಲಿಂದ ಶುರು ಮಾಡಿದೆ.