ಊಟದ ನಂತರದ ಅಂಕಿಯೊಂದೇ ಸಾಕ್ಷಿಯೆ?

ಮಾನ್ಯ ಓದುಗರೆ,

ಮಧುಮೇಹಿಗಳ ಆಹಾರದ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಬಂದ ಎರಡು ಲೇಖನಗಳು ಪರಸ್ಪರ ವಿರುದ್ಧವಾಗಿವೆ ಎಂದು ನೀವು ಬರೆದಿದ್ದೀರಿ. ಮಾಂಸ, ಮೊಟ್ಟೆ, ಹಾಲುಗಳನ್ನು ಬಿಟ್ಟು ಇಡಿಧಾನ್ಯ, ಕಾಳು, ತರಕಾರಿ, ಹಣ್ಣುಗಳನ್ನು ನೆಚ್ಚಿಕೊಳ್ಳಿ ಎಂದು ಒಂದು ಲೇಖನ ಹೇಳಿದರೆ, ಧಾನ್ಯವನ್ನೂ ಸಿಹಿಹಣ್ಣನ್ನೂ ಕಡಿಮೆ ಮಾಡಿ ಎಂದು ಇನ್ನೊಂದು ಹೇಳಿತ್ತು. ಎರಡನ್ನೂ ಕೆಲವು ಕಾಲ ಪಾಲಿಸಿ ನೋಡಿದ ನಿಮಗೆ, ಧಾನ್ಯ ಕಡಿಮೆ ಮಾಡಿದ ದಿನಗಳಲ್ಲಿ ಊಟವಾದ ಎರಡು ಗಂಟೆಗೆ ಮೀಟರ್ ತೋರಿಸಿದ ಅಂಕಿ ಕೆಳಗಿತ್ತು. ‘ಮೀಟರ್ ಸುಳ್ಳು ಹೇಳುವುದಿಲ್ಲವಷ್ಟೆ, ಹಾಗಿದ್ದರೆ ಮೊದಲನೆಯ ಲೇಖನ ತಪ್ಪಲ್ಲವೆ?’ ಎಂಬುದು ನಿಮ್ಮ ಪ್ರಶ್ನೆ. ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನೂ ರಕ್ತನಾಳಗಳಿಗೆ ಕೆಟ್ಟದೆನಿಸಿದ ಎಲ್‌ಡಿಎಲ್ ಕೊಲೆಸ್ಟ್ರಾಲ್ ಹೆಚ್ಚಿರುವುದನ್ನೂ ಪತ್ರದ ಕೊನೆಯಲ್ಲಿ ಹೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಪತ್ರದ ಅತಿ ಮುಖ್ಯ ಸಾಲುಗಳು ಅವೇ.

ಮೀಟರ್ ಸುಳ್ಳು ಹೇಳಿಲ್ಲ. ಆದರೆ ನೀವು ಅದನ್ನು ಕೇಳಿದ್ದು ಆ ಹೊತ್ತಿನ ಊಟದಿಂದ ರಕ್ತದಲ್ಲಿ ಗ್ಲುಕೋಸ್ ಎಷ್ಟು ಏರಿತು ಎಂಬುದನ್ನು ಮಾತ್ರ. ಕಾರ್ಬೋಹೈಡ್ರೇಟ್, ಎಂದರೆ ಧಾನ್ಯ, ಸಿಹಿಹಣ್ಣುಗಳಲ್ಲಿರುವ ಪಿಷ್ಟ, ಸಕ್ಕರೆ, ಕಡಿಮೆಯಿರುವ ಊಟ ಈ ಪರೀಕ್ಷೆಯಲ್ಲಿ ಗೆಲ್ಲುವುದು ಸಹಜ, ಏಕೆಂದರೆ ಗ್ಲುಕೋಸ್ ಆಗಿ ಮಾರ್ಪಡುವ ಪದಾರ್ಥವೇ ಅಲ್ಲಿ ಕಡಿಮೆ. ಸಸ್ಯಮೂಲ ಆಹಾರ ನೆರವಾಗುವ ಬಗೆ ಬೇರೆ: ಅದರಲ್ಲಿ ನಾರಿನಂಶ ಹೆಚ್ಚು, ಬೆಣ್ಣೆ, ಮಾಂಸಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬು ಕಡಿಮೆ, ಹೊಟ್ಟೆ ತುಂಬುವಷ್ಟು ತಿಂದರೂ ಕ್ಯಾಲೊರಿ ಮಿತವಾಗಿಯೇ ಇರುತ್ತದೆ, ಹಾಗಾಗಿ ತೂಕ ಇಳಿದು, ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸೇರಿಕೊಂಡ ಕೊಬ್ಬು ಕರಗಿದಂತೆ ಇನ್ಸುಲಿನ್ನಿಗೆ ದೇಹ ಹಿಂದಿಗಿಂತ ಚೆನ್ನಾಗಿ ಸ್ಪಂದಿಸತೊಡಗುತ್ತದೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಎರಡು ಗಂಟೆಯ ಅಂಕಿಯಲ್ಲಿ ಅದು ಕಾಣಿಸದು. ಹಿಂದಿನ ಎರಡು ಮೂರು ತಿಂಗಳ ಗ್ಲುಕೋಸ್ ಸರಾಸರಿಯನ್ನು ಶೇಕಡಾ ಲೆಕ್ಕದಲ್ಲಿ ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಕಾಣಿಸಬಹುದು.

ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ ಅಧ್ಯಯನವೊಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರಿಂದ ನಡೆದು 2021ರಲ್ಲಿ ಪ್ರಕಟವಾಯಿತು. ಮಧುಮೇಹವಿಲ್ಲದ 20 ಮಂದಿಯನ್ನು ಸಂಸ್ಥೆಯಲ್ಲೇ ಇರಿಸಿಕೊಂಡು, ಕೊಬ್ಬು ಕಡಿಮೆಯಿರುವ ಸಸ್ಯಮೂಲ ಆಹಾರವನ್ನು ಎರಡು ವಾರ, ಕಾರ್ಬೋಹೈಡ್ರೇಟ್ ತೀರ ಕಡಿಮೆಯಿರುವ ಪ್ರಾಣಿಮೂಲ ಆಹಾರವನ್ನು ಎರಡು ವಾರ, ಇಷ್ಟಬಂದಷ್ಟು ತಿನ್ನಲು ಕೊಟ್ಟರು. ಸಸ್ಯಮೂಲ ಆಹಾರದ ದಿನಗಳಲ್ಲಿ ಊಟದ ನಂತರದ ಗ್ಲುಕೋಸ್, ಇನ್ಸುಲಿನ್ ಎರಡೂ ಹೆಚ್ಚಿದ್ದವು, ನಿಮ್ಮ ಮೀಟರ್ ಹೇಳಿದಂತೆಯೇ. ಆದರೆ ಅದೇ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 690 ಕ್ಯಾಲೊರಿ ಕಡಿಮೆ ತಿಂದರು, ದೇಹದ ಕೊಬ್ಬು ಗಮನಾರ್ಹವಾಗಿ ಇಳಿದದ್ದೂ ಆಗಲೇ. ಬರೀ ಮೀಟರನ್ನು ನಂಬಿದ್ದರೆ ಈ ಎರಡನೆಯ ಸಂಗತಿ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಎರಡು ವಾರದ, ಅದೂ ಮಧುಮೇಹವಿಲ್ಲದವರ ಅಧ್ಯಯನದಿಂದ ಮಧುಮೇಹಿಗಳಿಗೆ ಯಾವುದು ಮೇಲು ಎಂದು ತೀರ್ಪು ಕೊಡಲಾಗದು ಎಂಬುದನ್ನೂ ಮರೆಯಬಾರದು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ವಿಷಯವೂ ಇದೆ. ಕಾರ್ಬೋಹೈಡ್ರೇಟನ್ನು ಬಹಳ ಕಡಿಮೆ ಮಾಡಿಕೊಂಡವರು ಗ್ಲುಕೋಸ್ ಕುಡಿದು ಮಾಡಿಸುವ ಪರೀಕ್ಷೆಗೆ ಹೋದರೆ, ಅಂಕಿ ನಿಜಸ್ಥಿತಿಗಿಂತ ಕೆಟ್ಟದಾಗಿ ಬರಬಹುದು. ದೇಹ ಅಷ್ಟು ಗ್ಲುಕೋಸನ್ನು ನಿಭಾಯಿಸುವ ಅಭ್ಯಾಸವನ್ನು ಆ ಮಟ್ಟಿಗೆ ಕಳೆದುಕೊಂಡಿರುತ್ತದೆ. ಬ್ರಿಟನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ 1930ರ ದಶಕದಲ್ಲೇ ಇದನ್ನು ಆರೋಗ್ಯವಂತರಲ್ಲಿ ತೋರಿಸಿದ್ದರು. ಆ ಪರೀಕ್ಷೆಗೆ ಮುನ್ನ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಬೇಕೆಂಬ ಸೂಚನೆಯ ಹಿನ್ನೆಲೆ ಇದೇ.

ಮಧುಮೇಹಿಗಳ ಮೇಲೆ ನಡೆದ ಅಧ್ಯಯನಗಳು ಏನು ಹೇಳುತ್ತವೆ ಎಂಬುದು ಮುಂದಿನ ಪ್ರಶ್ನೆ. 2006ರಲ್ಲಿ ನೀಲ್ ಬರ್ನಾರ್ಡ್ ತಂಡ ಪ್ರಕಟಿಸಿದ, ಟೈಪ್ 2 ಮಧುಮೇಹದ 99 ಮಂದಿಯ 22 ವಾರಗಳ ಅಧ್ಯಯನದಲ್ಲಿ, ಕೊಬ್ಬು ಕಡಿಮೆಯಿರುವ ಶುದ್ಧ ಸಸ್ಯಮೂಲ ಆಹಾರದವರ ಎಚ್‌ಬಿಎ1ಸಿ 0.96 ಶೇಕಡಾ ಅಂಶದಷ್ಟೂ, ಆಗಿನ ಸಾಂಪ್ರದಾಯಿಕ ಮಧುಮೇಹ ಪಥ್ಯದವರದು 0.56ರಷ್ಟೂ ಇಳಿಯಿತು. ಈ ಅಂತರ ಸಂಖ್ಯಾಶಾಸ್ತ್ರದ ಒರೆಗೆ ಪೂರ್ತಿ ನಿಲ್ಲಲಿಲ್ಲ. ಔಷಧ ಬದಲಿಸದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಸ್ಪಷ್ಟವಾಯಿತು. ಕಡಿಮೆ ಕಾರ್ಬೋಹೈಡ್ರೇಟ್ ಪದ್ಧತಿಯ ಕುರಿತ 23 ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯ ಪ್ರಕಾರ, ಆರು ತಿಂಗಳ ಹೊತ್ತಿಗೆ ಎಚ್‌ಬಿಎ1ಸಿ, ಮಧುಮೇಹವೆಂದು ಗುರುತಿಸುವ ಗೆರೆಯಾದ ಶೇ 6.5ಕ್ಕಿಂತ ಕೆಳಗಿಳಿದವರು ಆ ಪದ್ಧತಿಯಲ್ಲಿ ಶೇ 57, ಉಳಿದ ಪಥ್ಯಗಳಲ್ಲಿ ಶೇ 31. ಇದು ಸಣ್ಣ ಲಾಭವಲ್ಲ. ಆದರೆ ವರ್ಷ ತುಂಬುವ ಹೊತ್ತಿಗೆ ಅದರ ಬಹುಭಾಗ ಕರಗಿಹೋಗಿತ್ತು. ಎರಡೂ ಪಕ್ಷದವರು ತಮಗೆ ಹಿತವಾದ ಅಂಕಿಯನ್ನಷ್ಟೇ ಆಯ್ದು ಬರೆಯುತ್ತಾರೆ ಎಂಬುದು ಇಂಥ ಲೇಖನಗಳನ್ನು ತಿದ್ದುತ್ತ ಕುಳಿತ ನನ್ನ ಅನುಭವ.

ನಿಮ್ಮ ಸ್ಥಿತಿಗೆ ಹೆಚ್ಚು ಹತ್ತಿರವಾದದ್ದು ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ. ಮಧುಮೇಹ ಅಥವಾ ಅದರ ಹಿಂದಿನ ಹಂತದಲ್ಲಿದ್ದವರು 12 ವಾರ ಕಾರ್ಬೋಹೈಡ್ರೇಟ್ ತೀರ ಕಡಿಮೆಯಿದ್ದು ಕೊಬ್ಬು ಹೆಚ್ಚಿರುವ ಕೀಟೋ ಆಹಾರ, 12 ವಾರ ತರಕಾರಿ, ಕಾಳು, ಆಲಿವ್ ಎಣ್ಣೆ, ಮೀನುಗಳಿಗೆ ಒತ್ತು ಕೊಡುವ ಮೆಡಿಟರೇನಿಯನ್ ಮಾದರಿಯ ಆಹಾರ ಸೇವಿಸಿದರು. ಎರಡರಲ್ಲೂ ಸೊಪ್ಪು ತರಕಾರಿ ಹೇರಳ, ಸೇರಿಸಿದ ಸಕ್ಕರೆಯೂ ತೌಡು ತೆಗೆದ ಧಾನ್ಯವೂ ತೀರ ಕಡಿಮೆ. ಕಾಳು, ಹಣ್ಣು, ಇಡಿಧಾನ್ಯ ಮಾತ್ರ ಎರಡನೆಯದರಲ್ಲಿದ್ದವು. ಇದು ಶುದ್ಧ ಸಸ್ಯಮೂಲ ಆಹಾರವಲ್ಲದಿದ್ದರೂ ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಇದರಲ್ಲಿದೆ. ಎಚ್‌ಬಿಎ1ಸಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ರಕ್ತದಲ್ಲಿನ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಕೀಟೋದಲ್ಲಿ ಹೆಚ್ಚು ಇಳಿಯಿತು. ಆದರೆ ಎಲ್‌ಡಿಎಲ್ ಕೀಟೋದಲ್ಲಿ ಸುಮಾರು ಶೇ 10 ಏರಿತು, ಇನ್ನೊಂದರಲ್ಲಿ ಸುಮಾರು ಶೇ 5 ಇಳಿಯಿತು. ಮಧುಮೇಹಿಗಳ ಜೀವಕ್ಕೆ ದೊಡ್ಡ ಅಪಾಯ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಲೇ ಬರುವುದರಿಂದ, ಎಲ್‌ಡಿಎಲ್ ಈಗಾಗಲೇ ಹೆಚ್ಚಿರುವ ನೀವು ಬೆಣ್ಣೆ, ಕೊಬ್ಬಿನ ಮಾಂಸಗಳ ಮೇಲೆ ನಿಂತ ಕಡಿಮೆ ಕಾರ್ಬೋಹೈಡ್ರೇಟ್ ಪದ್ಧತಿಯನ್ನು ಹಿಡಿಯುವುದು ನನಗೆ ಸರಿಕಾಣದು.

ಹಾಗೆಂದು ಮೀಟರ್ ಕಲಿಸಿದ ಪಾಠವನ್ನು ಬಿಡಬೇಕಾಗಿಲ್ಲ, ಏಕೆಂದರೆ ಈ ಎರಡು ಪದ್ಧತಿಗಳು ಲೇಖನಗಳಲ್ಲಿ ಕಾಣುವಷ್ಟು ಶತ್ರುಗಳಲ್ಲ. ಟೊರಾಂಟೊದ ಸಂಶೋಧಕ ಡೇವಿಡ್ ಜೆಂಕಿನ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರ್ಬೋಹೈಡ್ರೇಟನ್ನು ಒಟ್ಟು ಕ್ಯಾಲೊರಿಯ ಶೇ 26ಕ್ಕೆ ಇಳಿಸಿ, ಪ್ರೊಟೀನ್ ಮತ್ತು ಕೊಬ್ಬನ್ನು ಸೋಯಾ, ಗೋಧಿಯ ಪ್ರೊಟೀನ್, ಬಾದಾಮಿಯಂಥ ಕಾಯಿಬೀಜ ಮತ್ತು ಸಸ್ಯತೈಲಗಳಿಂದಲೇ ಒದಗಿಸಿ ನೋಡಿದರು. ಎಲ್‌ಡಿಎಲ್ ಹೆಚ್ಚಿದ್ದ ಆ ಮಂದಿಯಲ್ಲಿ ಅದು ಚೆನ್ನಾಗಿ ಇಳಿಯಿತು. ಮೈದಾ, ಸಕ್ಕರೆ, ಕರಿದ ಆಲೂಗೆಡ್ಡೆಗಳೂ ಸಸ್ಯಮೂಲವೇ ಆದ್ದರಿಂದ, ಪ್ರಾಣಿಮೂಲವನ್ನು ಬಿಟ್ಟ ಮಾತ್ರಕ್ಕೆ ಸಕ್ಕರೆ ಇಳಿಯುವುದೆಂದು ನಂಬುವಂತೆಯೂ ಇಲ್ಲ. ನಿಮ್ಮ ಧಾನ್ಯದ ಪಾಲನ್ನು ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಕಾಳು, ಪಿಷ್ಟ ಕಡಿಮೆಯಿರುವ ತರಕಾರಿ ಮತ್ತು ಸ್ವಲ್ಪ ಕಾಯಿಬೀಜಗಳನ್ನು ತರುವುದು ನಾನು ಸೂಚಿಸಬಹುದಾದ ಮಾರ್ಗ.

ಇನ್ನು ಮಾತ್ರೆಗಳ ವಿಷಯ. ನಾನು ವೈದ್ಯನಲ್ಲ; ಆದ್ದರಿಂದ ಊಟ ಬದಲಿಸುವ ಮೊದಲು ನಿಮ್ಮ ಮಾತ್ರೆಗಳ ಹೆಸರುಗಳೊಂದಿಗೆ ವೈದ್ಯರನ್ನು ಕಾಣಿರಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕಾರ್ಬೋಹೈಡ್ರೇಟನ್ನು ಒಮ್ಮೆಲೇ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆ ಸೇವಿಸುವವರಲ್ಲಿ ಕೀಟೋ ಆಹಾರ, ರಕ್ತದಲ್ಲಿ ಆಮ್ಲ ಹೆಚ್ಚುವ ಕೀಟೋಆಸಿಡೋಸಿಸ್ ಎಂಬ ಗಂಭೀರ ಸ್ಥಿತಿಗೆ ದಾರಿಮಾಡಬಹುದು. ಅದು ಬಂದಾಗ ಮೀಟರಿನ ಅಂಕಿ ಹೆಚ್ಚು ಏರದೆಯೂ ಇರಬಹುದಾದ್ದರಿಂದ ರೋಗಿಗೆ ಸುಳಿವೇ ಸಿಗದೆ ಹೋಗುವ ಭಯವಿದೆ. ಮೆಟ್‌ಫಾರ್ಮಿನ್ ಎಂಬ ಮಾತ್ರೆ ಸೇವಿಸುತ್ತ ಪ್ರಾಣಿಮೂಲ ಆಹಾರವನ್ನು ಪೂರ್ತಿ ಬಿಟ್ಟವರಿಗೆ ವಿಟಮಿನ್ ಬಿ12 ಕೊರತೆ ಮಾತ್ರೆ, ಊಟ ಎರಡು ಕಡೆಯಿಂದಲೂ ಬರಬಹುದು, ಅದಕ್ಕೆ ಪೂರಕ ಮಾತ್ರೆ ಬೇಕಾದೀತು. ಮೂತ್ರಪಿಂಡದ ತೊಂದರೆಯಿದ್ದರೆ ಪ್ರೊಟೀನ್, ಪೊಟ್ಯಾಸಿಯಂ ಲೆಕ್ಕ ಬೇರೆಯೇ. ಹೊಸ ಊಟ ಆರಂಭಿಸುವ ಮುನ್ನ ಒಮ್ಮೆ, ಮೂರು ತಿಂಗಳ ಬಳಿಕ ಇನ್ನೊಮ್ಮೆ, ಎಚ್‌ಬಿಎ1ಸಿ ಜೊತೆಗೆ ಎಲ್‌ಡಿಎಲ್, ಟ್ರೈಗ್ಲಿಸರೈಡ್, ತೂಕ ಮತ್ತು ರಕ್ತದೊತ್ತಡಗಳನ್ನು ಬರೆದಿಟ್ಟುಕೊಳ್ಳಿ. ಎರಡು ಗಂಟೆಯ ಅಂಕಿಯನ್ನೂ ಅವುಗಳ ಪಕ್ಕದಲ್ಲೇ ಇಟ್ಟು ನೋಡಿರಿ.

— ಸಂಪಾದಕ