ಓದುಗರ ಪ್ರಶ್ನೆ: ದುರ್ಗದ ಏಕನಾಥೇಶ್ವರಿಯ ದರ್ಶನ

ಪ್ರಶ್ನೆ: ಕಾಫಿ ಕುಯ್ಲು ಮುಗಿಸಿ ಮಾರ್ಚ್‌ನಲ್ಲಿ ಚಿತ್ರದುರ್ಗದ ಕೋಟೆಯೊಳಗಿನ ಏಕನಾಥೇಶ್ವರಿ ಗುಡಿಗೆ ಹೋಗಬೇಕೆಂದಿದ್ದೇವೆ. ಜೊತೆಗೆ 68 ವರ್ಷದ ಅಮ್ಮ ಇರುತ್ತಾರೆ, ಮೊಣಕಾಲು ನೋವಿದೆ. ಮಡಿಕೇರಿಯಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗಬಹುದೇ?
ಓದುಗರು, ಮಡಿಕೇರಿ

ಉತ್ತರ: ಬೇಡ. ಕುಶಾಲನಗರ, ಹಾಸನ, ಅರಸೀಕೆರೆ, ಹೊಸದುರ್ಗ, ಹೊಳಲ್ಕೆರೆ ದಾಟಿ ದುರ್ಗ ಮುಟ್ಟಲು ಕಾರಿನಲ್ಲಿ ಆರು ಗಂಟೆಯಾದರೂ ಬೇಕು. ಬೆಳಗಿನ ಜಾವ ಹೊರಟರೂ ಕೋಟೆ ಬಾಗಿಲಿಗೆ ಬರುವ ಹೊತ್ತಿಗೆ ನಡುಮಧ್ಯಾಹ್ನ. ಮಾರ್ಚ್‌ನಲ್ಲಿ ಆ ಬಂಡೆಗಳ ಬಿಸಿ ನಮ್ಮ ಮಲೆನಾಡಿನ ಅಂಗಾಲಿಗೆ ತಡೆಯದು, ಗುಡಿಯ ಮುಂದೆ ಚಪ್ಪಲಿ ಬಿಡಲೇಬೇಕಲ್ಲ. ಹಿಂದಿನ ರಾತ್ರಿ ದುರ್ಗದಲ್ಲೇ ಉಳಿದು ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಹೋಗಿ, 9ರೊಳಗೆ ದರ್ಶನ ಮುಗಿಸಿ.

ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಟಿಕೆಟ್ ಇದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಬಾಗಿಲುಗಳ ದಾರಿ ನೇರವಾಗಿರದೆ ತಿರುಗಿ ತಿರುಗಿ ಹೋಗುತ್ತದೆ. ಶತ್ರುವಿನ ಆನೆ ಓಡಿಬಂದು ಕದಕ್ಕೆ ಗುದ್ದದಿರಲೆಂದೇ ಹಾಗೆ ಕಟ್ಟಿದ್ದು. ಹೆಚ್ಚಿನವರು ತಪ್ಪುವುದು ಇದನ್ನು ದಾಟಿದ ಮೇಲೆ. ಮೊದಲು ಒನಕೆ ಓಬವ್ವನ ಕಿಂಡಿಗೆ ಇಳಿದು, ಫೋಟೊ ತೆಗೆದು, ಮತ್ತೆ ಹತ್ತಿ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ, ಬಿಸಿಲೂ ಏರಿರುತ್ತದೆ. ಕೊನೆಗೆ ದೇವಿಗೆ ಕೆಳಗಿನಿಂದಲೇ ಕೈಮುಗಿದು ಹೊರಡುತ್ತಾರೆ. ಮೊದಲು ಏಕನಾಥೇಶ್ವರಿ, ಆಮೇಲೆ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಶಕ್ತಿ ಉಳಿದರೆ ಕಿಂಡಿ. ತುಪ್ಪದ ಕೊಳದ ಬಂಡೆಯನ್ನು ಅಮ್ಮನಿಗೆ ತೋರಿಸಲೂಬೇಡಿ! ಅಲ್ಲಿರುವುದು ಬಂಡೆಗೆ ಕೊರೆದ ಮೆಟ್ಟುಕುಳಿಗಳು ಮಾತ್ರ.

ದೇವಿಯ ಗುಡಿ ಮೇಲುದುರ್ಗದಲ್ಲಿದೆ. ಅಲ್ಲಿಗೆ ಕಲ್ಲುಮೆಟ್ಟಿಲು ಹತ್ತಬೇಕು. ಜನ ತುಳಿದು ತುಳಿದು ಕಲ್ಲು ನುಣುಪಾಗಿರುವುದರಿಂದ ಸವೆದ ಹವಾಯಿ ಚಪ್ಪಲಿ ಜಾರುತ್ತದೆ, ಒಂದು ತುಂತುರು ಬಿದ್ದರಂತೂ ಕೇಳುವುದೇ ಬೇಡ. ಹಿಂದೆ ಪಟ್ಟಿಯಿರುವ, ಹಲ್ಲು ಸವೆಯದ ಚಪ್ಪಲಿ ಇರಲಿ. ಅಮ್ಮನಿಗೆ ಊರುಗೋಲು ಕೊಡಿ. ಮೊಣಕಾಲು ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಆಗ ನೀವು ಅವರಿಗಿಂತ ಒಂದು ಮೆಟ್ಟಿಲು ಕೆಳಗಿರಿ. ಮನೆಯ ಮೆಟ್ಟಿಲಿಗೇ ಅವರು ಗೋಡೆ ಹಿಡಿಯುವವರಾದರೆ ಕೋಟೆ ಹತ್ತಿಸಬೇಡಿ. ಕೆಳಗೆ ಪೇಟೆಯಲ್ಲಿ ಉಚ್ಚಂಗಿ ಯಲ್ಲಮ್ಮನ ಗುಡಿ ಇದೆ, ಅಲ್ಲಿ ಪೂಜೆ ಮಾಡಿಸಿ.

ನೀರು ತಲೆಗೆ ಒಂದೂವರೆ ಲೀಟರಾದರೂ ಬೇಕು.

ಪ್ರಶ್ನೆ: ಹಣ್ಣುಕಾಯಿ ಒಯ್ಯಬಹುದೇ? ಕೋತಿಗಳ ಕಾಟವೆಂದು ಕೇಳಿದ್ದೇವೆ.
ಓದುಗರು, ಸೋಮವಾರಪೇಟೆ

ಉತ್ತರ: ಒಯ್ಯಿರಿ, ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಅದರ ಸದ್ದಿಗೇ ಕೋತಿಗಳು ಹತ್ತಿರ ಬರುತ್ತವೆ. ಜಿಪ್ ಇರುವ ಬಟ್ಟೆ ಚೀಲದಲ್ಲಿ ಕಾಯಿ, ಬಾಳೆಹಣ್ಣು, ಹೂವು ಇಟ್ಟು ಎದೆಗೆ ಹಾಕಿಕೊಳ್ಳಿ. ಕಸಿದರೆ ಎಳೆದಾಡದೆ ಬಿಟ್ಟುಬಿಡಿ, ಕಚ್ಚಿಸಿಕೊಳ್ಳುವುದು ಆ ಎಳೆದಾಟದಲ್ಲೇ. ಅರ್ಚಕರು ದಿನವಿಡೀ ಇರುತ್ತಾರೆಂದು ನಂಬಿ ಹೋಗಬೇಡಿ, ಪೂಜೆ ಆಗಲೇಬೇಕೆಂದಿದ್ದರೆ ಹಿಂದಿನ ಸಂಜೆಯೇ ಊರಿನಲ್ಲಿ ವಿಚಾರಿಸಿ. ಕಾಯಿಯನ್ನು ಅದಕ್ಕೆಂದು ಇಟ್ಟ ಕಲ್ಲಿನ ಮೇಲೆ ಮಾತ್ರ ಒಡೆಯಿರಿ. ಕಂಬ, ಕೆತ್ತನೆಗಳಿಗೆ ಕುಂಕುಮ, ಎಣ್ಣೆ ಬಳಿಯಬೇಡಿ.

ಪ್ರಶ್ನೆ: ನಮ್ಮ ಮಡಿಕೇರಿ ಕೋಟೆಯೊಳಗೇ ಕೋಟೆ ಮಾರಿಯಮ್ಮ ಇದ್ದಾಳಲ್ಲವೇ?
ಓದುಗರು, ವಿರಾಜಪೇಟೆ

ಉತ್ತರ: ಹೆಸರು ಕೇಳಿ ಗೊಂದಲವಾಗುವುದು ಸಹಜ. ಕೋಟೆಯ ಆವರಣದಲ್ಲಿರುವುದು ಕೋಟೆ ಗಣಪತಿ. ವೀರಭದ್ರನ ಗುಡಿಯಿದ್ದ ಜಾಗದಲ್ಲಿ ಬ್ರಿಟಿಷರು ಚರ್ಚ್ ಕಟ್ಟಿದರು, ಅದೇ ಈಗಿನ ಮ್ಯೂಸಿಯಂ. ಕೋಟೆ ಮಾರಿಯಮ್ಮ ದಸರಾ ಕರಗದ ನಾಲ್ಕು ಶಕ್ತಿದೇವತೆಗಳಲ್ಲಿ ಒಬ್ಬಳು, ಉಳಿದವರು ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ. ನಾಲ್ವರನ್ನೂ ಒಟ್ಟಿಗೆ ನೋಡಬೇಕಿದ್ದರೆ ಮಹಾಲಯ ಅಮಾವಾಸ್ಯೆಯ ಮರುದಿನ ಸಂಜೆ ಪಂಪಿನಕೆರೆಗೆ ಬನ್ನಿ, ಕರಗ ಹೊರಡುವುದು ಅಲ್ಲಿಂದಲೇ. ಕಾರನ್ನು ದೂರ ನಿಲ್ಲಿಸಿ, ಕೊಡೆ ಮರೆಯಬೇಡಿ.